ಹಿಡಿ ಅಕ್ಕಿಯ ಋಣ: ಕೆ. ಕಾಮರಾಜರ ಜೀವನ ಮತ್ತು ಶಾಲಾಮಕ್ಕಳ ಅನ್ನ

ವಿದ್ಯಾದಾನವು ದಾನಗಳಲ್ಲೆಲ್ಲ ಶ್ರೇಷ್ಠವೆಂದು ನಮ್ಮ ಹಿರಿಯರು ಭಾವಿಸಿದ್ದರು. ಆ ದಾನವನ್ನು ಸ್ವೀಕರಿಸಬೇಕಾದ ಬಾಲಕನ ಹೊಟ್ಟೆ ಬರಿದಾಗಿದ್ದರೆ ವಿದ್ಯೆಯು ಅವನ ಕೈಸೇರದೆಂಬುದನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ನಮ್ಮ ನಾಡಿನ ಮಠಗಳು ಪಾಠಶಾಲೆಯನ್ನು ಕಟ್ಟಿದಾಗ ಅದರ ಮಗ್ಗುಲಲ್ಲಿಯೇ ಉಚಿತ ಪ್ರಸಾದನಿಲಯವನ್ನೂ ಕಟ್ಟಿದವು. ಸ್ವಾಮಿಗಳವರು ಜೋಳಿಗೆ ಹಿಡಿದು ಹಳ್ಳಿಹಳ್ಳಿ ಸಂಚರಿಸಿ ತಂದ ಜೋಳ, ರಾಗಿ, ಬೇಳೆಗಳಿಂದ ಸಾವಿರಾರು ಬಡಮಕ್ಕಳು ಉಂಡು ಓದಿ ವಿದ್ಯಾವಂತರಾದರು. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದ ಮಹತ್ವವನ್ನು ಈ ಸಂಚಿಕೆಯ ವಾಚಕರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ.

ಒಂದು ಮಠ, ಒಂದು ಊರು, ಒಂದು ಸಮಾಜ ತನ್ನ ಶಕ್ತ್ಯನುಸಾರ ನಡೆಸುತ್ತಿದ್ದ ಈ ಪುಣ್ಯಕಾರ್ಯವನ್ನು ಒಂದು ಇಡೀ ರಾಜ್ಯದ ಕರ್ತವ್ಯವನ್ನಾಗಿ ಮಾಡಿದ ಮಹನೀಯರೊಬ್ಬರು ನಮ್ಮ ನೆರೆಯ ತಮಿಳುನಾಡಿನಲ್ಲಿ ಆಗಿಹೋದರು. ಅವರು ಪಂಡಿತರಲ್ಲ, ಪದವೀಧರರಲ್ಲ, ಪ್ರೌಢಶಾಲೆಯ ಶಿಕ್ಷಣವನ್ನು ಸಹ ಪೂರೈಸಿದವರಲ್ಲ. ತಮಗೆ ದೊರೆಯದೆ ಹೋದ ವಿದ್ಯೆ ನಾಡಿನ ಯಾವ ಮಗುವಿಗೂ ಹಸಿವಿನ ಕಾರಣದಿಂದ ತಪ್ಪಬಾರದೆಂಬ ಹಟವೊಂದೇ ಅವರ ಬಂಡವಾಳವಾಗಿತ್ತು. ಅವರೇ ಕೆ. ಕಾಮರಾಜರು. ಅವರ ರಾಜಕೀಯ ಚಾತುರ್ಯವನ್ನು ಕೊಂಡಾಡುವ ಗ್ರಂಥಗಳು ಅನೇಕವಿವೆ. ಈ ಲೇಖನದ ಉದ್ದೇಶ ಅದಲ್ಲ. ಶಾಲಾಬಾಲಕರ ಹಸಿವು ಮತ್ತು ಅಪೌಷ್ಟಿಕತೆಯನ್ನು ಅವರು ಹೇಗೆ ಕಂಡರು, ಅದಕ್ಕೆ ಏನು ಮಾಡಿದರು, ಅವರು ಮಾಡಿದ್ದು ಎಷ್ಟರಮಟ್ಟಿಗೆ ಸಾಕಾಯಿತು ಎಂಬುದನ್ನಷ್ಟೇ ಇಲ್ಲಿ ವಿವೇಚಿಸಲಾಗಿದೆ.

ಜನನ ಮತ್ತು ಬಾಲ್ಯ

ಕಾಮರಾಜರು 1903ನೆಯ ಇಸವಿ ಜುಲೈ 15ರಂದು ವಿರುದುಪಟ್ಟಿಯಲ್ಲಿ ಜನಿಸಿದರು. ಇಂದು ವಿರುದುನಗರವೆಂದು ಪ್ರಸಿದ್ಧವಾಗಿರುವ ಈ ಊರು ಮಧುರೆಯ ದಕ್ಷಿಣಕ್ಕಿರುವ ವ್ಯಾಪಾರದ ಪೇಟೆ. ತಂದೆ ಕುಮಾರಸ್ವಾಮಿ ನಾಡಾರರು ತೆಂಗಿನಕಾಯಿಯ ವ್ಯಾಪಾರಿಗಳು. ತಾಯಿ ಶಿವಕಾಮಿ ಅಮ್ಮಾಳ್. ಮನೆದೇವತೆಯಾದ ಕಾಮಾಕ್ಷಿಯ ಹೆಸರನ್ನೇ ಮೊದಲು ಮಗುವಿಗಿಟ್ಟಿದ್ದರು. ತಾಯಿ ಪ್ರೀತಿಯಿಂದ ರಾಜನೆಂದು ಕರೆಯುತ್ತಿದ್ದಳು. ಎರಡೂ ಕೂಡಿ ಕಾಲಕ್ರಮದಲ್ಲಿ ಕಾಮರಾಜ ಎಂಬ ಹೆಸರು ನಿಂತಿತು.

ಅವರು ಹುಟ್ಟಿದ ನಾಡಾರ ಸಮಾಜದ ಸ್ಥಿತಿಯನ್ನು ಅರಿಯದೆ ಅವರ ಮುಂದಿನ ಬದುಕು ಅರ್ಥವಾಗುವುದಿಲ್ಲ. ತಮಿಳುನಾಡಿನ ದಕ್ಷಿಣ ಭಾಗದ ಒಣಭೂಮಿಯಲ್ಲಿ ತಾಳೆಮರ ಹತ್ತಿ ಜೀವಿಸುತ್ತಿದ್ದ ಈ ಜನರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದ್ದಿತು. ವ್ಯಾಪಾರಕ್ಕಿಳಿದು ಪೇಟೆಗಳಲ್ಲಿ ನೆಲೆನಿಂತ ಬಳಿಕ ಅವರು ಕಂಡುಕೊಂಡ ಉಪಾಯ ಸ್ವಾವಲಂಬನೆಯದು. ಪ್ರತಿಯೊಂದು ವ್ಯವಹಾರದಲ್ಲಿಯೂ ಅಲ್ಪ ಭಾಗವನ್ನು ಸಮಾಜದ ನಿಧಿಗೆಂದು ತೆಗೆದಿರಿಸುವುದು ಅವರಲ್ಲಿ ಕಟ್ಟಳೆಯಾಯಿತು. ಆ ನಿಧಿಯಿಂದ ಬಾವಿ, ಛತ್ರ, ದೇವಾಲಯ, ಪಾಠಶಾಲೆಗಳು ಎದ್ದವು.

ವಿರುದುಪಟ್ಟಿಯ ಕ್ಷತ್ರಿಯ ವಿದ್ಯಾಶಾಲೆ ಹೀಗೆ ಎದ್ದ ಸಂಸ್ಥೆ. ಅದನ್ನು ನಡೆಸಿದ ಬಗೆ ನಮ್ಮ ಮಠಗಳ ಜೋಳಿಗೆಯನ್ನು ನೆನಪಿಗೆ ತರುತ್ತದೆ. ಪ್ರತಿ ಮನೆಯ ಗೃಹಿಣಿಯು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಯಲ್ಲಿ ಹಾಕಿಡುತ್ತಿದ್ದಳು. ಹೀಗೆ ಸೇರಿದ ಅಕ್ಕಿಯನ್ನು ಮನೆಮನೆಯಿಂದ ಸಂಗ್ರಹಿಸಿ ಅದರಿಂದ ಬಂದ ಹಣದಲ್ಲಿ ಶಾಲೆಯ ಖರ್ಚು ನಡೆಯುತ್ತಿತ್ತು. ಮಕ್ಕಳಿಂದ ಶುಲ್ಕ ಪಡೆಯುತ್ತಿರಲಿಲ್ಲ. ತಮಿಳಿನಲ್ಲಿ ಇದನ್ನು ಪಿಡಿ ಅರಿಸಿ, ಅಂದರೆ ಹಿಡಿ ಅಕ್ಕಿ ಎನ್ನುತ್ತಾರೆ. ಕಾಮರಾಜರು ಅಕ್ಷರ ಕಲಿತದ್ದು ಈ ಹಿಡಿ ಅಕ್ಕಿಯ ಶಾಲೆಯಲ್ಲಿ. ಹೆಸರು ತಿಳಿಯದ ನೂರಾರು ತಾಯಂದಿರ ಒಲೆಯ ಮುಂದಿನಿಂದ ಬಂದ ಅನ್ನದ ಋಣ ಅವರ ಮೇಲಿತ್ತು.

ಅವರ ಶಾಲಾದಿನಗಳ ಪ್ರಸಂಗವೊಂದನ್ನು ತಮಿಳುನಾಡಿನಲ್ಲಿ ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ವಿನಾಯಕ ಚತುರ್ಥಿಯಂದು ಶಾಲೆಯಲ್ಲಿ ಪೂಜೆ ಮುಗಿದು ಪ್ರಸಾದ ಹಂಚುವಾಗ ಹುಡುಗರೆಲ್ಲ ಮುನ್ನುಗ್ಗಿದರಂತೆ. ಬಾಲಕ ಕಾಮರಾಜ ಮಾತ್ರ ದೂರ ನಿಂತ. ಅವನ ಪಾಲಿಗೆ ಬಂದದ್ದು ಚೂರು ಪ್ರಸಾದ. ಎಲ್ಲರಂತೆ ನೀನೇಕೆ ನುಗ್ಗಲಿಲ್ಲವೆಂದು ಮನೆಯವರು ಕೇಳಿದಾಗ, ಎಲ್ಲರಿಂದಲೂ ಸಮನಾಗಿ ಕಾಣಿಕೆ ಪಡೆದ ಗುರುಗಳು ಎಲ್ಲರಿಗೂ ಸಮನಾಗಿ ಹಂಚಬೇಕಾಗಿತ್ತೆಂದೂ, ನೂಕಿ ಪಡೆಯುವುದು ತನ್ನ ಕೆಲಸವಲ್ಲವೆಂದೂ ಆತ ಹೇಳಿದನಂತೆ. ಕಥೆ ಬಾಯಿಂದ ಬಾಯಿಗೆ ಬಂದದ್ದು. ಅದರ ಅಕ್ಷರಶಃ ಸತ್ಯತೆಯನ್ನು ಯಾರೂ ಸಾಧಿಸಲಾರರು. ಆದರೂ ಬಲವುಳ್ಳವನು ನೂಕಿ ಪಡೆಯುವ ಅನ್ನಕ್ಕೂ, ಹಂಚುವವನು ಹೊಣೆಯರಿತು ಎಲ್ಲರಿಗೂ ನೀಡುವ ಅನ್ನಕ್ಕೂ ಇರುವ ಅಂತರವನ್ನು ಜನ ಅವರ ಹೆಸರಿನೊಡನೆ ಸೇರಿಸಿ ನೆನೆಯುವುದು ಆಕಸ್ಮಿಕವಲ್ಲ.

ಕಾಮರಾಜರಿಗೆ ಸುಮಾರು ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ತನ್ನ ಒಡವೆಗಳನ್ನು ಮಾರಿ ಬಂದ ಅಲ್ಪ ಹಣದಿಂದ ಸಂಸಾರ ತೂಗಿಸಬೇಕಾಯಿತು. ಶುಲ್ಕವಿಲ್ಲದ ಶಾಲೆಯಿದ್ದರೂ, ದುಡಿಯಬೇಕಾದ ಮನೆಯ ಹುಡುಗನಿಗೆ ಆ ಶಾಲೆಯಲ್ಲಿ ಕುಳಿತಿರುವುದೇ ದುಬಾರಿಯಾಯಿತು. ಆರನೆಯ ತರಗತಿಯ ಹೊತ್ತಿಗೆ ಓದು ನಿಂತು, ಹನ್ನೊಂದು ಹನ್ನೆರಡರ ಬಾಲಕ ಸೋದರಮಾವನ ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಶುಲ್ಕ ಮನ್ನಾ ಮಾಡಿದ ಮಾತ್ರಕ್ಕೆ ಬಡವನ ಮಗು ಶಾಲೆಯಲ್ಲಿ ನಿಲ್ಲುವುದಿಲ್ಲವೆಂಬ ಸತ್ಯವನ್ನು ಅವರು ಯಾವ ವರದಿಯಿಂದಲೂ ಕಲಿಯಬೇಕಾಗಿರಲಿಲ್ಲ.

ರಾಷ್ಟ್ರಸೇವೆ

1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಸುದ್ದಿ ಅವರನ್ನು ಅಂಗಡಿಯಿಂದ ಸಾರ್ವಜನಿಕ ಜೀವನಕ್ಕೆಳೆಯಿತು. ವೈಕಂ ಸತ್ಯಾಗ್ರಹದಲ್ಲಿ ಭಾಗವಹಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮೊದಲ ಬಾರಿಗೆ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬರುವುದರೊಳಗಾಗಿ ಹಲವು ಬಾರಿಯ ಸೆರೆವಾಸವೆಲ್ಲ ಕೂಡಿ ಸುಮಾರು ಒಂಬತ್ತು ವರ್ಷಗಳಾದವು. ಶಾಲೆಯಲ್ಲಿ ಕೈತಪ್ಪಿದ ಓದನ್ನು ಅವರು ಸೆರೆಮನೆಯಲ್ಲಿ ಮುಂದುವರಿಸಿದರು. ಪ್ರಸಿದ್ಧ ವಾಗ್ಮಿಗಳಾದ ಎಸ್. ಸತ್ಯಮೂರ್ತಿಗಳು ಅವರ ರಾಜಕೀಯ ಗುರುಗಳು. 1940ರಲ್ಲಿ ತಮಿಳುನಾಡು ಪ್ರಾಂತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ ಆ ಗುರುಗಳೇ ಶಿಷ್ಯನ ಕೈಕೆಳಗೆ ಕಾರ್ಯದರ್ಶಿಯಾಗಿ ನಿಂತರು. ಕಾಮರಾಜರು ವಿವಾಹವಾಗಲಿಲ್ಲ, ಆಸ್ತಿ ಮಾಡಲಿಲ್ಲ. ಊರೂರು ತಿರುಗಿ ಸಾಮಾನ್ಯ ಕಾರ್ಯಕರ್ತನ ಹೆಸರನ್ನೂ ಮರೆಯದೆ ನೆನಪಿಟ್ಟುಕೊಂಡ ನಾಯಕರೆಂದು ಅವರಿಗೆ ಖ್ಯಾತಿ ಬಂದಿತು.

1954ರ ಏಪ್ರಿಲ್ 13ರಂದು ಅವರು ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು. ಆಗಿನ ಮದರಾಸು ರಾಜ್ಯದಲ್ಲಿ ಕನ್ನಡಿಗರಾದ ನಾವೂ ಪಾಲುದಾರರಾಗಿದ್ದೆವೆಂಬುದನ್ನು ಇಲ್ಲಿ ಸ್ಮರಿಸಬೇಕು. ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಆ ರಾಜ್ಯಕ್ಕೇ ಸೇರಿದ್ದವು.

ಹಸಿದ ಮಗು ಮತ್ತು ಪಾಠ

ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ಕಾಮರಾಜರ ಸರ್ಕಾರ ಹಿಂದಿನ ವರ್ಷ ಜಾರಿಗೆ ಬಂದಿದ್ದ ಪ್ರಾಥಮಿಕ ಶಿಕ್ಷಣ ಯೋಜನೆಯನ್ನು ಕೈಬಿಟ್ಟಿತು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿದ್ದು ಉಳಿದ ವೇಳೆ ಮನೆಯ ಕಸುಬು ಕಲಿಯಬೇಕೆಂಬುದು ಆ ಯೋಜನೆಯ ತಿರುಳು. ಕಸುಬಿನ ನೆಪದಲ್ಲಿ ಜಾತಿಯೇ ಮಗುವಿನ ಭವಿಷ್ಯವನ್ನು ನಿರ್ಧರಿಸುವುದೆಂಬ ಪ್ರಬಲ ವಿರೋಧ ಅದಕ್ಕೆ ಬಂದಿದ್ದಿತು. ಇಡೀ ದಿನದ ಶಾಲೆ ಮರಳಿ ಬಂತು. ಶಾಲೆಗಳೇ ಇಲ್ಲದ ಸಣ್ಣ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳು ತೆರೆದವು. ಆದರೆ ಕೊಠಡಿ, ಕರಿಹಲಗೆ, ಉಪಾಧ್ಯಾಯರು ಎಲ್ಲವೂ ಇದ್ದು ಮಕ್ಕಳೇ ಬಾರದಿದ್ದರೆ ಏನು ಮಾಡುವುದು? ಬಂದ ಮಕ್ಕಳೂ ಮಧ್ಯಾಹ್ನದ ಗಂಟೆ ಹೊಡೆದೊಡನೆ ಮನೆಗೆ ಹೋದವರು ಹಿಂದಿರುಗದಿದ್ದರೆ? ಮನೆಯಲ್ಲಿ ಉಣ್ಣಲು ಏನೂ ಇಲ್ಲದವರು ಮರದ ನೆರಳಲ್ಲಿ ಮುದುಡಿ ಕುಳಿತರೆ?

ಹಸಿವು ಕಣ್ಣಿಗೆ ಕಾಣುವ ದುಃಖ. ಅಪೌಷ್ಟಿಕತೆಯಾದರೋ ಕಾಣದೆ ಒಳಗೊಳಗೇ ಮಗುವನ್ನು ತಿನ್ನುವಂಥದು. ಇದರ ಶಾಸ್ತ್ರೀಯ ಅಭ್ಯಾಸಕ್ಕೆ ದಕ್ಷಿಣ ಭಾರತವೇ ಮುಖ್ಯ ನೆಲೆಯಾಗಿದ್ದಿತು. ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ ಅವರು ಭಾರತದ ಬೇರೆ ಬೇರೆ ಪ್ರಾಂತಗಳ ಆಹಾರವನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ಗೋಧಿ, ಹಾಲು, ಕಾಳು, ತರಕಾರಿಗಳುಳ್ಳ ಪಂಜಾಬಿನ ಆಹಾರ ತಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಯಂತ್ರದಲ್ಲಿ ತೊಳಗಿಸಿದ ಬಿಳಿ ಅಕ್ಕಿಯೇ ಪ್ರಧಾನವಾದ ಮದರಾಸಿನ ಬಡವರ ಆಹಾರ ತಿಂದವು ಕೃಶವಾಗಿ ಉಳಿದವು. ಅವರ ತರುವಾಯ 1935ರಲ್ಲಿ ಆ ಸಂಸ್ಥೆಯ ನಿರ್ದೇಶಕರಾದ ಡಾ. ಏಕ್ರಾಯ್ಡ್ ಅವರು ವಸತಿನಿಲಯಗಳ ಮಕ್ಕಳಿಗೆ ದಿನವೂ ಕೆನೆ ತೆಗೆದ ಹಾಲಿನ ಪುಡಿಯ ಹಾಲನ್ನು ಕೊಡಿಸಿ, ಅವರ ಎತ್ತರ ತೂಕಗಳು ಇತರ ಮಕ್ಕಳಿಗಿಂತ ಹೆಚ್ಚಾಗಿ ಬೆಳೆದುದನ್ನು ತೋರಿಸಿದರು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟುಗಳನ್ನು ಬೆರೆಸಿ, ಜೀವಸತ್ವ ಖನಿಜಗಳನ್ನು ಸೇರಿಸಿ, ಅಲ್ಪಬೆಲೆಯ ವಿವಿಧೋದ್ದೇಶ ಆಹಾರವನ್ನು ಸಿದ್ಧಪಡಿಸಿತು.

ಈ ಅಭ್ಯಾಸಗಳಿಂದ ಒಂದು ಸಂಗತಿ ಸ್ಪಷ್ಟವಾಯಿತು. ಗಂಜಿಯಿಂದ ಹೊಟ್ಟೆ ತುಂಬಿದರೂ ಮಗು ಬೆಳೆಯದೆ ಇರಬಹುದು. ಸಸಾರಜನಕ ಸಾಲದಾದರೆ ಮೈ ಕಟ್ಟುವುದಿಲ್ಲ. ಕಬ್ಬಿಣದ ಅಂಶ ಸಾಲದಾದರೆ ರಕ್ತಹೀನತೆಯುಂಟಾಗಿ ಮಗು ಬೇಗ ದಣಿಯುತ್ತದೆ, ಗಮನ ನಿಲ್ಲುವುದಿಲ್ಲ. 'ಎ' ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುತ್ತದೆ. ಅಂಥ ಮಗುವನ್ನು ಮಂದಬುದ್ಧಿಯವನೆಂದೋ ಸೋಮಾರಿಯೆಂದೋ ಉಪಾಧ್ಯಾಯರು ತಪ್ಪು ತಿಳಿಯುವುದುಂಟು. ತರಗತಿಯ ಹಿಂದಿನ ಸಾಲಿನಲ್ಲಿ ತೂಕಡಿಸುವ ಮಗುವಿಗೆ ಬೇಕಾದದ್ದು ಗದರಿಕೆಯಲ್ಲ, ಬೇಳೆ, ಸೊಪ್ಪು, ಹಾಲುಗಳೆಂಬುದು ಆಗಿನ ಕಾಲಕ್ಕೆ ಹೊಸ ತಿಳಿವಳಿಕೆಯಾಗಿತ್ತು.

ಮದರಾಸು ನಗರದಲ್ಲಿ ಇದರ ಒಂದು ಪೂರ್ವಪ್ರಯತ್ನವೂ ನಡೆದಿತ್ತು. ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ನಗರಸಭೆಯು ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯ ಮಕ್ಕಳಿಗೆ ದಿನಕ್ಕೆ ತಲೆಗೆ ಒಂದಾಣೆ ಮೀರದಂತೆ ಮಧ್ಯಾಹ್ನದ ಉಪಾಹಾರ ಕೊಡಲು ನಿರ್ಧರಿಸಿತು. ಇನ್ನೂ ಕೆಲವು ಶಾಲೆಗಳಿಗೆ ಅದು ವಿಸ್ತರಿಸಿತು. ಮಕ್ಕಳ ಸಂಖ್ಯೆ ಏರಿತು. ಆದರೆ ಪ್ರಾಥಮಿಕ ಶಿಕ್ಷಣದ ನಿಧಿಯನ್ನು ಊಟಕ್ಕೆ ಬಳಸಬಾರದೆಂದು ಬ್ರಿಟಿಷ್ ಸರ್ಕಾರ ಆಕ್ಷೇಪಿಸಿದ್ದರಿಂದ 1925ರಲ್ಲಿ ಅದು ನಿಂತುಹೋಯಿತು. ಆ ಆಕ್ಷೇಪಣೆಯ ತರ್ಕವನ್ನು ಗಮನಿಸಬೇಕು. ಅನ್ನ ಬೇರೆ, ಶಿಕ್ಷಣ ಬೇರೆ ಎಂಬುದು ಆ ತರ್ಕ. ಕಾಮರಾಜರು ಮುರಿದದ್ದು ಇದನ್ನೇ.

ಮಧ್ಯಾಹ್ನದ ಊಟ

ಪ್ರವಾಸದಲ್ಲಿದ್ದ ಮುಖ್ಯಮಂತ್ರಿಗಳ ಕಾರು ತಿರುನೆಲ್ವೇಲಿ ಕಡೆಯ ಚೇರನ್‌ಮಹಾದೇವಿಯ ರೈಲ್ವೆ ಗೇಟಿನ ಬಳಿ ನಿಂತಿದ್ದಾಗ ದನ ಕಾಯುತ್ತಿದ್ದ ಹುಡುಗರನ್ನು ಅವರು ಮಾತನಾಡಿಸಿದರೆಂದೂ, ಶಾಲೆಗೆ ಏಕೆ ಹೋಗುವುದಿಲ್ಲವೆಂದು ಕೇಳಿದಾಗ ಹೋದರೆ ಊಟ ಹಾಕುವಿರಾ ಎಂದು ಒಬ್ಬ ಹುಡುಗ ಮರುಪ್ರಶ್ನೆ ಹಾಕಿದನೆಂದೂ ಪ್ರತೀತಿಯಿದೆ. ಘಟನೆ ಹೇಗೇ ನಡೆದಿರಲಿ, ಅಂಥ ಪ್ರಶ್ನೆಗೆ ಜವಳಿ ಅಂಗಡಿಯ ಆ ಹಳೆಯ ಹುಡುಗನಲ್ಲಿ ಉತ್ತರ ಸಿದ್ಧವಿದ್ದಿತು.

ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರು ಈ ಕಾರ್ಯದಲ್ಲಿ ಬಲಗೈಯಾದರು. ಶಿಕ್ಷಣ ಮತ್ತು ಹಣಕಾಸಿನ ಖಾತೆಗಳನ್ನು ಹೊಂದಿದ್ದ ಸಿ. ಸುಬ್ರಹ್ಮಣ್ಯಂ ಅವರು ಜೊತೆಗಿದ್ದರು. ಆದರೆ ಬೊಕ್ಕಸ ದೊಡ್ಡದಾಗಿರಲಿಲ್ಲ. ಇಷ್ಟು ಮಕ್ಕಳಿಗೆ ನಿತ್ಯವೂ ಉಣಬಡಿಸುವುದು ಸರ್ಕಾರದ ಕೆಲಸವೇ, ಹಣ ಎಲ್ಲಿಂದ ಬರಬೇಕು ಎಂಬ ಶಂಕೆ ಅಧಿಕಾರಿವರ್ಗದಲ್ಲಿ ಸಹಜವಾಗಿ ಎದ್ದಿತು. ಕಾಮರಾಜರು ಸರ್ಕಾರದ ಆದೇಶಕ್ಕೆ ಕಾದು ಕೂಡಲಿಲ್ಲ. ಮೊದಲು ಜನರ ಬಳಿಗೆ ಹೋದರು. 1956ರಲ್ಲಿ ಕವಿ ಸುಬ್ರಹ್ಮಣ್ಯ ಭಾರತಿಯವರ ಹುಟ್ಟೂರಾದ ಎಟ್ಟಯಪುರದಲ್ಲಿ ಯೋಜನೆಗೆ ಸಾರ್ವಜನಿಕ ಚಾಲನೆ ದೊರೆಯಿತು. ಮಕ್ಕಳ ಅನ್ನಕ್ಕಾಗಿ ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಊರೂರು ಭಿಕ್ಷೆ ಬೇಡಲೂ ತಾವು ಸಿದ್ಧರೆಂದು ಅವರು ಸಾರಿದರೆಂದು ಅವರ ಸಹೋದ್ಯೋಗಿಗಳು ಸ್ಮರಿಸಿದ್ದಾರೆ. ಮುಖ್ಯಮಂತ್ರಿಯೊಬ್ಬನ ಬಾಯಿಂದ ಭಿಕ್ಷೆಯ ಮಾತು ಬಂದುದು ಹಲವರಿಗೆ ವಿಚಿತ್ರವಾಗಿ ತೋರಿರಬಹುದು. ಜೋಳಿಗೆಯ ಗೌರವವನ್ನು ಬಲ್ಲ ನಮ್ಮ ವಾಚಕರಿಗೆ ಅದು ವಿಚಿತ್ರವೆನಿಸಲಾರದು.

ಊರೂರಲ್ಲಿ ಸಮಿತಿಗಳು ಏರ್ಪಟ್ಟವು. ರೈತರು ಸುಗ್ಗಿಯಲ್ಲಿ ಧಾನ್ಯ ಕೊಟ್ಟರು. ವ್ಯಾಪಾರಿಗಳು ಬೇಳೆ, ಎಣ್ಣೆ, ಹಣ ಕೊಟ್ಟರು. ಬೇರೆ ಏನೂ ಇಲ್ಲದವರು ಸೌದೆ ತಂದರು. ವಿರುದುಪಟ್ಟಿಯ ಹಿಡಿ ಅಕ್ಕಿಯ ಮಡಕೆಯೇ ರಾಜ್ಯದ ತುಂಬ ಹರಡಿಕೊಂಡಂತಾಯಿತು.

ಆದರೆ ಕೇವಲ ದಾನವನ್ನು ನಂಬಿ ನಡೆಯುವ ಅನ್ನಛತ್ರದ ದೋಷವೂ ಕಾಮರಾಜರಿಗೆ ತಿಳಿದಿತ್ತು. ಮಳೆ ಬಂದ ವರ್ಷ ದಾನ ಉಕ್ಕುತ್ತದೆ, ಬರ ಬಂದ ವರ್ಷ ಬತ್ತುತ್ತದೆ. ಮಗುವಿನ ಹಸಿವಾದರೋ ಬರಗಾಲದಲ್ಲಿಯೇ ಹೆಚ್ಚು. ಶ್ರೀಮಂತರಿರುವ ಊರಿನ ಶಾಲೆಯಲ್ಲಿ ಅಡುಗೆಯಾಗುತ್ತದೆ. ಎಲ್ಲರೂ ಬಡವರೇ ಆಗಿರುವ ಊರಿನಲ್ಲಿ, ಅಂದರೆ ಊಟ ಅತ್ಯಗತ್ಯವಾದ ಊರಿನಲ್ಲಿಯೇ, ಒಲೆ ಹೊತ್ತುವುದಿಲ್ಲ. ಆದ್ದರಿಂದ 1957ರಲ್ಲಿ ಸರ್ಕಾರವೇ ಖರ್ಚಿನ ಪಾಲನ್ನು ಹೊತ್ತುಕೊಂಡಿತು. ಒಂದು ಮಗುವಿನ ಒಂದು ಹೊತ್ತಿನ ಊಟಕ್ಕೆ ಹತ್ತು ನಯಾಪೈಸೆಯೆಂದು ಲೆಕ್ಕ ಹಾಕಿ, ಆರು ನಯಾಪೈಸೆಯನ್ನು ಸರ್ಕಾರ ಕೊಡುವುದೆಂದೂ, ನಾಲ್ಕನ್ನು ಊರಿನವರು ಕೂಡಿಸುವುದೆಂದೂ ಕ್ರಮ ಏರ್ಪಟ್ಟಿತು. ಶೇಕಡಾ 60 ರಾಜ್ಯದ ಕರ್ತವ್ಯ, ಶೇಕಡಾ 40 ಜನರ ಧರ್ಮ. ಈ ಆರು ನಾಲ್ಕರ ಲೆಕ್ಕದಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ. ಊಟವು ಒಬ್ಬರ ಕರುಣೆಯನ್ನೇ ಅವಲಂಬಿಸಿದರೆ ಮಗು ಭಿಕ್ಷುಕನಾಗುತ್ತದೆ. ಸರ್ಕಾರವನ್ನೇ ಅವಲಂಬಿಸಿದರೆ ಊರಿನವರು ನೋಡುಗರಾಗುತ್ತಾರೆ. ಎರಡೂ ಆಗದಂತೆ ಕಾಮರಾಜರು ನೋಡಿಕೊಂಡರು.

ಯೋಜನೆಯ ಭಾರ ಬಿದ್ದುದು ಬಹುಮಟ್ಟಿಗೆ ಉಪಾಧ್ಯಾಯರ ಹೆಗಲ ಮೇಲೆ. ಸೌದೆ, ನೀರು, ಪಾತ್ರೆ, ಲೆಕ್ಕಪತ್ರ, ಚಂದಾ ಸಂಗ್ರಹ ಎಲ್ಲವನ್ನೂ ಮುಖ್ಯೋಪಾಧ್ಯಾಯರೇ ನೋಡಬೇಕಾಗುತ್ತಿತ್ತು. ಉಪಾಧ್ಯಾಯರ ಬಾಳಿಗೆ ಭದ್ರತೆಯಿಲ್ಲದೆ ಅವರಿಂದ ಇಂಥ ಸೇವೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂಬುದನ್ನು ಆ ಸರ್ಕಾರ ಅರಿತಿದ್ದಿತು. ಅನುದಾನಿತ ಶಾಲೆಗಳ ಉಪಾಧ್ಯಾಯರಿಗೆ ನಿವೃತ್ತಿ ವೇತನ, ಭವಿಷ್ಯನಿಧಿ, ವಿಮೆಗಳೆಂಬ ಮೂರು ಸೌಲಭ್ಯಗಳ ಯೋಜನೆಯನ್ನು 1955ರಲ್ಲಿಯೇ ಜಾರಿಗೆ ತರಲಾಗಿತ್ತು. ಮಗುವಿಗೆ ಉಣಿಸುವವನ ಮನೆಯ ಒಲೆಯೂ ಉರಿಯಬೇಕಲ್ಲವೆ?

ಯೋಜನೆಯ ಮಿತಿಗಳು

ಮಹನೀಯರ ಚರಿತ್ರೆಯನ್ನು ಬರೆಯುವಾಗ ಗುಣವನ್ನಷ್ಟೇ ಎಣಿಸುವುದು ರೂಢಿ. ಕಾಮರಾಜರಂಥ ನೇರ ಮನುಷ್ಯರಿಗೆ ಅದು ಸಲ್ಲುವ ಗೌರವವಲ್ಲ. ಅವರ ಕಾಲದ ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ದೊರೆಯಲಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ತೀರ ಬಡವರೆಂದು ಆರಿಸಿದವರಿಗೆ ಮಾತ್ರ, ಅದೂ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ, ಒಂದು ಹೊತ್ತು ಅನ್ನ ಸಾಂಬಾರು ಸಿಗುತ್ತಿತ್ತು. ಯಾರು ಬಡವರು, ಯಾರು ಅಲ್ಲವೆಂದು ತರಗತಿಯಲ್ಲಿ ಗುರುತಿಸುವುದು ಉಪಾಧ್ಯಾಯರಿಗೂ ಮಕ್ಕಳಿಗೂ ಸಂಕೋಚದ ವಿಷಯ. ಹತ್ತು ನಯಾಪೈಸೆಯಲ್ಲಿ ಹೊಟ್ಟೆ ತುಂಬಿಸಬಹುದು; ಬೆಳೆಯುವ ಮೈಗೆ ಬೇಕಾದ ಹಾಲು, ಹಣ್ಣು, ಸೊಪ್ಪುಗಳನ್ನೆಲ್ಲ ಕೊಡಲು ಸಾಧ್ಯವಿರಲಿಲ್ಲ. 1961ರಿಂದ ಅಮೆರಿಕದ ಕೇರ್ ಸಂಸ್ಥೆಯು ಹಾಲಿನ ಪುಡಿ, ಎಣ್ಣೆ ಮುಂತಾದ ಪದಾರ್ಥಗಳನ್ನು ಒದಗಿಸತೊಡಗಿದ ಮೇಲೆ ಊಟದ ಸತ್ತ್ವ ಸ್ವಲ್ಪ ಹೆಚ್ಚಿತು. ಪರದೇಶದ ಕೊಡುಗೆಯನ್ನು ನೆಚ್ಚಿದ ಊಟ ಎಷ್ಟು ಕಾಲ ನಡೆದೀತೆಂಬ ಚಿಂತೆಯೂ ಅದರೊಡನೆ ಬಂದಿತು.

ಈ ಮಿತಿಗಳೆಲ್ಲದರ ನಡುವೆಯೂ ಶಾಲೆಗಳು ತುಂಬಿದವು. ದನದ ಹಿಂದೆಯೂ ತಮ್ಮ ತಂಗಿಯರನ್ನು ಎತ್ತಿಕೊಂಡೂ ಕಾಲ ಕಳೆಯುತ್ತಿದ್ದ ಮಕ್ಕಳು, ವಿಶೇಷವಾಗಿ ದೀನದಲಿತರ ಮಕ್ಕಳು, ತರಗತಿಗೆ ಬಂದು ಕುಳಿತರು. ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳು ಕುಳಿತು ಉಣ್ಣುವುದು ಅಂದಿನ ಹಳ್ಳಿಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲವೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. 1960ರ ಸುಮಾರಿಗೆ ಬಡಮಕ್ಕಳಿಗೆ ಸಮವಸ್ತ್ರ ಕೊಡುವ ಕಾರ್ಯವೂ ಆರಂಭವಾಯಿತು. ಉಡುಪಿನಿಂದ ಮನೆಯ ಬಡತನ ಬಯಲಾಗಬಾರದೆಂಬುದೇ ಅದರ ಆಶಯ. 1958ರಿಂದ ನಡೆದ ಶಾಲಾ ಸುಧಾರಣಾ ಸಮ್ಮೇಳನಗಳಲ್ಲಿ ಊರಿನವರು ತಮ್ಮ ಶಾಲೆಯ ಕೊರತೆಗಳನ್ನು ತಾವೇ ಪಟ್ಟಿಮಾಡಿ, ಕಟ್ಟಡ, ಪೀಠೋಪಕರಣ, ಬಾವಿ, ಪುಸ್ತಕಗಳನ್ನು ದಾನವಾಗಿ ಕೊಟ್ಟರು.

ಕೊನೆಯ ದಿನಗಳು

1963ರ ಅಕ್ಟೋಬರ್ 2ರಂದು, ಒಂಬತ್ತು ವರ್ಷಗಳ ಆಡಳಿತದ ಬಳಿಕ, ಹಿರಿಯರು ಅಧಿಕಾರ ಬಿಟ್ಟು ಸಂಘಟನೆಗೆ ಮರಳಬೇಕೆಂಬ ತಮ್ಮದೇ ಸೂಚನೆಯಂತೆ ಅವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. 1964ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಲಾಲ್ ಬಹಾದೂರ್ ಶಾಸ್ತ್ರಿಗಳೂ, 1966ರಲ್ಲಿ ಇಂದಿರಾ ಗಾಂಧಿಯವರೂ ಪ್ರಧಾನಿಗಳಾದ ಸಂದರ್ಭಗಳಲ್ಲಿ ಅವರ ಮಾತೇ ನಿರ್ಣಾಯಕವಾಗಿದ್ದಿತು. ತಮಗೆ ಆ ಪದವಿಯನ್ನು ಅವರು ಬಯಸಲಿಲ್ಲ. 1967ರ ಚುನಾವಣೆಯಲ್ಲಿ ಸ್ವಂತ ಊರಾದ ವಿರುದುನಗರದಲ್ಲಿಯೇ ತರುಣ ವಿದ್ಯಾರ್ಥಿ ನಾಯಕನೊಬ್ಬನ ಎದುರು ಸೋತರು. 1969ರಲ್ಲಿ ನಾಗರಕೋಯಿಲಿನಿಂದ ಲೋಕಸಭೆಗೆ ಆರಿಸಿಬಂದರು. ಅದೇ ವರ್ಷ ಬೆಂಗಳೂರಿನ ಅಧಿವೇಶನದ ತರುವಾಯ ಕಾಂಗ್ರೆಸ್ ಇಬ್ಭಾಗವಾದಾಗ ಅವರು ನಮ್ಮ ನಾಡಿನ ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಪಕ್ಷದಲ್ಲಿ ಉಳಿದರು.

ಅಧಿಕಾರದಲ್ಲಿದ್ದಾಗಲೂ ಅವರ ತಾಯಿ ವಿರುದುನಗರದ ಚಿಕ್ಕ ಮನೆಯಲ್ಲಿಯೇ ವಾಸವಾಗಿದ್ದರು. ಮುಖ್ಯಮಂತ್ರಿಗಳ ತಾಯಿಯೆಂದು ಪುರಸಭೆಯವರು ಆ ಮನೆಗೆ ಪ್ರತ್ಯೇಕ ನಲ್ಲಿ ಹಾಕಿಸಿದಾಗ ಕಾಮರಾಜರು ಅದನ್ನು ತೆಗೆಸಿದರೆಂದು ಹೇಳುತ್ತಾರೆ. 1975ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಅವರು ಮದರಾಸಿನಲ್ಲಿ ನಿಧನರಾದರು. ಕೆಲವು ಜೊತೆ ಬಟ್ಟೆ, ಕೆಲವು ಪುಸ್ತಕ, ನೂರು ಚಿಲ್ಲರೆ ರೂಪಾಯಿಗಳನ್ನು ಬಿಟ್ಟರೆ ಅವರ ಬಳಿ ಬೇರೇನೂ ಇರಲಿಲ್ಲವೆಂಬುದು ಲೋಕಪ್ರಸಿದ್ಧ. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿಯನ್ನು ಅರ್ಪಿಸಿತು. 2006ರಿಂದ ತಮಿಳುನಾಡು ಅವರ ಜನ್ಮದಿನವನ್ನು ಶಿಕ್ಷಣಾಭಿವೃದ್ಧಿ ದಿನವೆಂದು ಆಚರಿಸುತ್ತಿದೆ.

ಉಳಿದ ಋಣ

ಕಾಮರಾಜರು ಹಚ್ಚಿದ ಒಲೆ ಆರಲಿಲ್ಲ. 1982ರ ಜುಲೈ 1ರಂದು ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಅವರು ಅದನ್ನು ಪೌಷ್ಟಿಕ ಆಹಾರ ಯೋಜನೆಯನ್ನಾಗಿ ಬಹು ದೊಡ್ಡ ಪ್ರಮಾಣದಲ್ಲಿ ವಿಸ್ತರಿಸಿದರು. 2001ರ ನವೆಂಬರ್ 28ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. 1925ರಲ್ಲಿ ಶಿಕ್ಷಣಕ್ಕೆ ಹೊರತೆಂದು ನಿಲ್ಲಿಸಲಾದ ಊಟ ಹೀಗೆ ಇಡೀ ದೇಶದ ಮಕ್ಕಳ ಹಕ್ಕಾಯಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಮೊದಲುಗೊಂಡ ಈ ಕಾರ್ಯಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ಶರಣರ ದಾಸೋಹದ ಪದ ಸರ್ಕಾರದ ಕಡತದಲ್ಲಿ ಸೇರಿದುದು ನಮಗೆಲ್ಲ ಹೆಮ್ಮೆಯ ವಿಷಯ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಮೂಲಕ ಮಕ್ಕಳಿಗೆ ಹಾಲು ಕೊಡುವ ಕ್ರಮವೂ ಬಂದಿತು. ಕೂನೂರಿನ ಹಳೆಯ ಪ್ರಯೋಗದ ಪಾಠ ನಮ್ಮ ಹಳ್ಳಿಯ ಶಾಲೆಗಳನ್ನು ತಲುಪಿತು.

ಆದರೂ ಹೆಮ್ಮೆಯಲ್ಲಿ ಮೈಮರೆಯುವಂತಿಲ್ಲ. 2016ರಿಂದ 2018ರವರೆಗೆ ದೇಶಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡಾ 22ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, ಶೇಕಡಾ 24ರಷ್ಟು ರಕ್ತಹೀನತೆಯಿಂದ ಬಳಲುವವರೆಂದೂ ಕಂಡುಬಂದಿತು. 10ರಿಂದ 19 ವರ್ಷದವರಲ್ಲಿ ಶೇಕಡಾ 24ರಷ್ಟು ಕೃಶರು, ಶೇಕಡಾ 28ರಷ್ಟು ರಕ್ತಹೀನರು. ಅಂದರೆ ನೂರು ಮಕ್ಕಳ ಪ್ರಾರ್ಥನಾಸಭೆಯಲ್ಲಿ ಕಾಲುಭಾಗದಷ್ಟು ಮಕ್ಕಳು ನಮ್ಮ ಕಣ್ಣೆದುರಿನಲ್ಲೇ ಕೊರತೆಯನ್ನು ಹೊತ್ತು ನಿಂತಿರಬಹುದು. ಬಿಸಿಯೂಟ ಹೊಟ್ಟೆಯ ಹಸಿವನ್ನು ಬಹುಮಟ್ಟಿಗೆ ನೀಗಿದೆ. ರಕ್ತದ ಹಸಿವು ಇನ್ನೂ ನೀಗಿಲ್ಲ.

ಇಲ್ಲಿ ನಮ್ಮ ಪಾಲಿನ ಕೆಲಸ ಉಳಿದಿದೆ. ಅಧ್ಯಾಪಕ ಬಂಧುಗಳು ವರ್ಷಕ್ಕೆರಡು ಬಾರಿಯಾದರೂ ಮಕ್ಕಳ ಎತ್ತರ ತೂಕಗಳನ್ನು ಅಳೆದು ಬರೆದಿಟ್ಟರೆ, ತರಗತಿಯಲ್ಲಿ ಹಿಂದುಳಿದ ಮಗುವಿನ ಅಂಕಪಟ್ಟಿಯೊಡನೆ ಅದರ ಮುಖದ ಕಳೆಯನ್ನೂ ನೋಡಿದರೆ, ಎಷ್ಟೋ ಮಕ್ಕಳು ಮಂದರೆಂಬ ಅಪವಾದದಿಂದ ಪಾರಾಗುತ್ತಾರೆ. ದಾನಿಗಳು ಕಲ್ಲಿನಲ್ಲಿ ಹೆಸರು ಕೆತ್ತಿಸುವ ಕಟ್ಟಡಕ್ಕೆ ಕೊಡುವಂತೆ, ಹೆಸರು ಉಳಿಯದ ಬೇಳೆ, ಸೊಪ್ಪು, ಹಾಲು, ಕಡಲೆಕಾಯಿಗಳಿಗೂ ಕೊಡುವಂತಾಗಲಿ. ಹಳೆಯ ವಿದ್ಯಾರ್ಥಿಗಳು ತಾವು ಕುಳಿತ ಪಂಕ್ತಿಯನ್ನು ಮರೆಯದಿರಲಿ. ಅಂದು ತಮ್ಮ ಎಲೆಗೆ ಬಂದ ಮುದ್ದೆಯ ಹಿಂದೆ ಯಾವುದೋ ಹಳ್ಳಿಯ ಯಾವುದೋ ತಾಯಿ ಜೋಳಿಗೆಗೆ ಹಾಕಿದ ಹಿಡಿ ಧಾನ್ಯವಿತ್ತು.

ಕಾಮರಾಜರು ತಾವು ಪಡೆದ ಹಿಡಿ ಅಕ್ಕಿಯನ್ನು ಒಂದು ರಾಜ್ಯದ ಮಕ್ಕಳಿಗೆ ಹಿಂದಿರುಗಿಸಿದರು. ಓದು ಅರ್ಧಕ್ಕೆ ನಿಂತ ಒಬ್ಬ ಬಾಲಕನಿಂದ ಅಷ್ಟು ಸಾಧ್ಯವಾದರೆ, ಉಂಡು, ಓದಿ, ದಡ ಸೇರಿದ ನಮ್ಮ ಮೇಲಿರುವ ಋಣ ಎಷ್ಟೆಂಬುದನ್ನು ಪ್ರತಿಯೊಬ್ಬರೂ ತಂತಮ್ಮ ಮನಸ್ಸಿನಲ್ಲಿ ಲೆಕ್ಕಹಾಕಿಕೊಳ್ಳಬೇಕು. ಆ ಲೆಕ್ಕ ತೀರುವವರೆಗೆ ಪ್ರಸಾದನಿಲಯದ ಒಲೆ ಉರಿಯುತ್ತಿರಲಿ.